ಮೊದಲೇ ಹಾಕಬೇಕಾದ ಗುರುತು

ಅವರ ಎಡಗೈ ಹೆಬ್ಬೆರಳಿನ ಉಗುರು ಯಾವತ್ತೂ ಕೆಂಪಗಿರುತ್ತಿತ್ತು. ಗೋರಂಟಿಯಲ್ಲ, ಮೈಕ್ರೋಸ್ಕೋಪಿನ ಸ್ಲೈಡಿಗೆ ಹಾಕುವ ಬಣ್ಣ. ಮಗಳ ಮದುವೆಯಲ್ಲಿ ಧಾರೆ ಎರೆಯುವಾಗಲೂ ಆ ಉಗುರು ಹಾಗೇ ಇತ್ತು. ನಿಂಬೆಹಣ್ಣು ಹಾಕಿ ಉಜ್ಜಿದರೂ ಹೋಗಲಿಲ್ಲವಂತೆ. "ಬಿಡಿ ಅತ್ಲಾಗೆ, ಐಡಿ ಕಾರ್ಡ್ ಮನೇಲಿ ಮರ್ತರೂ ಗೇಟಲ್ಲಿ ಬಿಡ್ತಾರೆ" ಎಂದು ನಗುತ್ತಿದ್ದರು.

ರಾಜಧಾನಿಯ ಅಂಚಿನ ಉಲ್ಲಾಳದ ಹತ್ತಿರದ ಕ್ಯಾಂಪಸ್ಸಿನಲ್ಲಿ ನಾನು ಸಸ್ಯಶಾಸ್ತ್ರದ ಪಿಎಚ್.ಡಿ. ಮಾಡುತ್ತಿದ್ದಾಗ ಅವರು ನಮ್ಮ ಲ್ಯಾಬಿನ ಅಟೆಂಡರ್. ಉಲ್ಲಾಳದವರೇ, ರಾಗಿ ಬೆಳೆಯುತ್ತಿದ್ದ ಮನೆತನ. ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಅವರ ಬಗ್ಗೆ ಬರೆಯಬೇಕೆಂದುಕೊಂಡು ಎಷ್ಟೋ ಭಾನುವಾರ ಕಳೆದವು. ಆರ್‌ಪಿಸಿ ಲೇಔಟಿನ ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಮನೆಗೆ, ನಡುವೆ ನಾಲ್ಕು ಪಾಠ, ಒಂದು ಕಟ್ಟು ಉತ್ತರಪತ್ರಿಕೆ. ಕುಳಿತರೆ ಏಳಲಾಗದಷ್ಟು ಸುಸ್ತು. ಈ ಸುಸ್ತು ಇವತ್ತಿನದಲ್ಲ. ಇದು ಕಳೆಯಲಿ, ಆಮೇಲೆ ಬರೆಯೋಣ ಎಂದು ಕಾದರೆ ಈ ಜನ್ಮದಲ್ಲಿ ಆಗುವ ಕೆಲಸವಲ್ಲ.

ನನ್ನ ವಿಷಯ ಕೇಳಿದವರೆಲ್ಲ, ಇದಕ್ಕೂ ಡಾಕ್ಟರೇಟ್ ಕೊಡ್ತಾರಾ ಎನ್ನುತ್ತಿದ್ದರು. ಒಂದು ಜೀವಕೋಶ ಎರಡಾಗುವಾಗ ಯಾವ ದಿಕ್ಕಿಗೆ ಒಡೆಯಬೇಕೆಂದು ಅದಕ್ಕೆ ಹೇಗೆ ತಿಳಿಯುತ್ತದೆ? ಹೊಸ ಗೋಡೆ ಅಡ್ಡ ಬಿದ್ದರೆ ಬೇರು ಉದ್ದವಾಗುತ್ತದೆ, ಉದ್ದಕ್ಕೆ ಬಿದ್ದರೆ ದಪ್ಪವಾಗುತ್ತದೆ. ಗಿಡದ ಕೋಶ ಸುಮ್ಮನೆ ಒಡೆಯುವುದಿಲ್ಲ. ಒಡೆಯುವ ಮೊದಲೇ ಒಳಗೋಡೆಯ ಸುತ್ತ ನವಿರಾದ ಎಳೆಗಳ ಒಂದು ಪಟ್ಟಿ ಕಟ್ಟಿಕೊಳ್ಳುತ್ತದೆ. ಪಟ್ಟಿ ಆಮೇಲೆ ಮಾಯ. ಹೊಸ ಗೋಡೆ ಬಂದು ಸೇರುವುದು ಮಾತ್ರ ಆ ಪಟ್ಟಿ ಇದ್ದ ಜಾಗಕ್ಕೇ. ಈರುಳ್ಳಿಯ ಬೇರನ್ನು ಗಾಜಿನ ಚೂರಿನಿಂದ ಒಂದು ಪಕ್ಕದಲ್ಲಿ ಒತ್ತಿಟ್ಟರೆ ಆ ಪಕ್ಕದ ಕೋಶಗಳು ದಿಕ್ಕು ಬದಲಿಸುತ್ತವೆಯೇ ಎಂಬುದು ನನ್ನ ಪ್ರಶ್ನೆ.

ಬೇರನ್ನು, ಒತ್ತಿದ ಪಕ್ಕ ಅಚ್ಚಿನ ಗೊತ್ತಾದ ಒಂದು ಮೂಲೆಯ ಕಡೆ ಬರುವಂತೆ, ಅಚ್ಚಿಗೆ ಹೊಯ್ದ ಮೇಣದಲ್ಲಿ ಕೂರಿಸಿ, ಮೇಣದ ಬ್ಲಾಕನ್ನು ಯಂತ್ರದಲ್ಲಿ ಅಡ್ಡಕ್ಕೆ ತೆಳ್ಳಗೆ ಕೊಯ್ಯಬೇಕು. ಒಂದಕ್ಕೊಂದು ಅಂಟಿಕೊಂಡ ಹಾಳೆಗಳು ರಿಬ್ಬನ್ನಿನ ಹಾಗೆ ಹೊರಬರುತ್ತವೆ. ಅಣ್ಣ ಮೊದಲು ಫ್ಯಾನ್ ಆರಿಸಿ, "ಯಾರೂ ಸೀನ್ಬೇಡಿ" ಎಂದು ಹೇಳಿ, ಬ್ರಷ್ಷಿನ ತುದಿಯಲ್ಲಿ ಆ ರಿಬ್ಬನ್ ಎತ್ತುತ್ತಿದ್ದರು. ಹಸುಗೂಸನ್ನು ಎತ್ತಿಕೊಂಡಷ್ಟು ನಾಜೂಕು. ಆದರೆ ಅಚ್ಚಿನಿಂದ ತೆಗೆದ ಬೇರಿನ ಯಾವ ಪಕ್ಕ ಒತ್ತಿದ್ದು ಎಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಮೇಣ ಗಟ್ಟಿಯಾದ ಕೂಡಲೇ, ಅಚ್ಚಿನಲ್ಲಿರುವಾಗಲೇ, ಒತ್ತಿದ ಕಡೆಯ ಮೂಲೆಯನ್ನು ಬ್ಲೇಡಿನಿಂದ ಕೊಯ್ದುಬಿಡಬೇಕು. ಆಗ ಪ್ರತಿ ಹಾಳೆಯಲ್ಲೂ ಒಂದು ಮೂಲೆ ಇರುವುದಿಲ್ಲ. ಬೇರೆಯವರು ಊಟ ಆಯ್ತಾ ಎಂದು ಕೇಳುವ ಹಾಗೆ ಅವರು ಸಂಜೆ ಬೀಗ ಹಾಕುವ ಮುಂಚೆ ಕೇಳುತ್ತಿದ್ದರು: "ಮೂಲೆ ಕುಯ್ದ್ರಾ?"

ಫೆಲೋಶಿಪ್ ಮುಗಿಯಲು ನಾಲ್ಕು ತಿಂಗಳಿತ್ತು. ಪ್ರಬಂಧ ಅಷ್ಟರಲ್ಲಿ ಮುಗಿದರೆ ದೊಡ್ಡ ಸಂಸ್ಥೆಯೊಂದರಲ್ಲಿ ಜಾಗ ಸಿಗುವ ಆಸೆ. ಅಣ್ಣ ರಜೆಯಲ್ಲಿದ್ದ ಒಂದು ಸಂಜೆ ಬಸ್ಸಿನ ಗಡಿಬಿಡಿಯಲ್ಲಿ ಹನ್ನೆರಡು ಬ್ಲಾಕ್‌ಗಳನ್ನು ಮೂಲೆ ಕೊಯ್ಯದೆ ಅಚ್ಚಿನಿಂದ ತೆಗೆದುಬಿಟ್ಟೆ. ಮರುದಿನ ನೋಡಿ ಜೀವ ಬಾಯಿಗೆ ಬಂತು. ಹಾಗೇ ಕೊಯ್ದು ಮೈಕ್ರೋಸ್ಕೋಪಿನಲ್ಲಿಟ್ಟೆ. ಒಂದು ಪಕ್ಕ ಕೆಲವು ಕೋಶಗಳ ಗೋಡೆ ತಿರುಗಿದ ಹಾಗಿತ್ತು. ಒತ್ತಿದ್ದು ಇದೇ ಕಡೆ ಇರಬೇಕು ಎಂದುಕೊಂಡು, ಪ್ರತಿ ಬ್ಲಾಕಿನ ಉಳಿದ ಭಾಗದಲ್ಲಿ ಆ ಕಡೆಯ ಮೂಲೆ ಕೊಯ್ದೆ. ಸ್ಪಷ್ಟವಾಗಿ ಕಾಣದ ಕಡೆ, ಸ್ವಲ್ಪ ಜಾಸ್ತಿ ಕಂಡಂತಾದ ಮೂಲೆ ಕೊಯ್ದೆ. ಫಲಿತಾಂಶ ಬಲು ಚೆನ್ನಾಗಿ ಬಂತು. ಹನ್ನೆರಡಕ್ಕೆ ಹನ್ನೆರಡೂ ಒಪ್ಪಿದವು. ಒಪ್ಪದೆ ಏನು ಮಾಡುತ್ತವೆ ಪಾಪ! ನನ್ನ ಗೈಡ್ ಎಲ್ಲರ ಮುಂದೆ ಹೊಗಳಿದರು.

ರಜೆ ಮುಗಿಸಿ ಬಂದ ಅಣ್ಣ ಬ್ಲಾಕ್‌ಗಳನ್ನು ಡಬ್ಬಿಗೆ ಜೋಡಿಸುತ್ತಿದ್ದವರು ಕಿಟಕಿಯ ಹತ್ತಿರ ನಿಂತುಬಿಟ್ಟರು. ಒಂದು ಕೈಯಲ್ಲಿ ಬ್ಲಾಕು, ಇನ್ನೊಂದರಲ್ಲಿ ಅದೇ ನಂಬರಿನ, ಇನ್ನೂ ಮೇಣ ಕರಗಿಸದ ಸ್ಲೈಡು.

"ಇಲ್ ಬನ್ನಿ ಅಮ್ಮ. ಸ್ಲೈಡಲ್ಲಿ ನಾಕೂ ಮೂಲೆ ಐತೆ. ಬ್ಲಾಕಲ್ಲಿ ಮೂರೇ ಐತೆ."

"ಯಾವ ಕಡೆ ಅಂತ ಗೊತ್ತಾಗ್ತಿತ್ತು ಅಣ್ಣ. ಕಣ್ಣಿಗೆ ಕಾಣ್ತಿತ್ತು."

"ಕಾಣ್ಲಿ ಅಂತಾನೇ ನೋಡಿದೀರಲ್ಲ." ಅವರ ದನಿ ಏರಲಿಲ್ಲ. "ಈರುಳ್ಳಿ ಕೋಶ ಮೊದ್ಲು ಗುರುತು ಹಾಕ್ಕೊಂಡು ಆಮೇಲೆ ಒಡೀತದೆ ಅಂತ ಸೆಮಿನಾರಲ್ಲಿ ನೀವೇ ಹೇಳಿದ್ರಿ. ನಾನು ಟೀ ತಟ್ಟೆ ಹಿಡ್ಕೊಂಡು ಹಿಂದೆ ನಿಂತಿದ್ದೆ. ನೀವು ಒಳಗೆಲ್ಲ ನೋಡಿ ಆದ್ಮೇಲೆ ಗುರುತು ಹಾಕಿದೀರಿ. ಅಟ್ಟ ಮೇಲೆ ಒಲೆ ಉರೀತಂತೆ."

ನನಗೆ ಎಲ್ಲಿತ್ತೋ ಸಿಟ್ಟು. "ನಿಮ್ಗೇನ್ ಗೊತ್ತು ಇದೆಲ್ಲ? ಅಟೆಂಡರ್ ಕೆಲ್ಸ ನೋಡ್ಕೊಳ್ಳಿ" ಎಂದುಬಿಟ್ಟೆ.

"ಸರಿ" ಎಂದರು. ಬ್ಲಾಕ್ ಇಟ್ಟು ಗ್ಲಾಸು ತೊಳೆಯಲು ಹೋದರು.

ಗೈಡ್ ಹತ್ತಿರ ಹೋಗಿ ಹೇಳುತ್ತಾರೆಂದು ಎರಡು ದಿನ ಹೆದರಿ ಸತ್ತೆ. ಹೇಳಲಿಲ್ಲ. ಆದರೆ ಸಂಜೆ ಬೀಗ ಹಿಡಿದು ಬಂದಾಗ "ಮೂಲೆ ಕುಯ್ದ್ರಾ" ಎಂದು ಕೇಳಲೂ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಈ ಮೌನ ತಡೆಯಲಾಗಲಿಲ್ಲ. ಮೂರನೆಯ ದಿನ ನಾನೇ ಗೈಡ್ ಮುಂದೆ ನಿಂತು ಒದರಿದೆ. ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕಲ್ಲ, ಚೆನ್ನಾಗಿಯೇ ಕುಡಿಸಿದರು. ಅತ್ತುಕೊಂಡು ಹೊರಗೆ ಬಂದರೆ ನನ್ನ ಮೇಜಿನ ಮೇಲೆ ಹನ್ನೆರಡು ಬಾಟಲಿ, ಒಂದೊಂದರ ಬಾಯಿಗೂ ಒಂದೊಂದು ಸಣ್ಣ ಈರುಳ್ಳಿ, ಈರುಳ್ಳಿಯ ಬುಡ ಮುಟ್ಟುವ ಹಾಗೆ ನೀರು. ಅಣ್ಣ ಪಕ್ಕದಲ್ಲಿ ಟೀ ಇಟ್ಟರು.

"ಕುಡೀರಿ. ನಾಕು ದಿನಕ್ಕೆ ಬೇರು ಬರ್ತವೆ. ಅವು ನಿಮ್ ಅವಸರಕ್ಕೆ ಬರಲ್ಲ."

ಈ ಸಲ ಎಲ್ಲ ಬೇರುಗಳೂ ಒಪ್ಪಲಿಲ್ಲ. ಅರ್ಧದಷ್ಟು ತಿರುಗಿದ್ದವು, ಉಳಿದವು ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ಬರೆದಿದ್ದೂ ಹಾಗೆಯೇ. ಫೆಲೋಶಿಪ್ ಮುಗಿಯಿತು, ಆ ದೊಡ್ಡ ಜಾಗ ಬೇರೆಯವರ ಪಾಲಾಯಿತು, ನಾನು ಪಾಠ ಹೇಳುವ ಕೆಲಸಕ್ಕೆ ಸೇರಿದೆ. ನಿಜ ಹೇಳುತ್ತೇನೆ, ಬಸ್ಸಿನಲ್ಲಿ ನಿಂತು ಕಾಲು ಊದಿಕೊಂಡ ದಿನಗಳಲ್ಲಿ ಅವರನ್ನು ಬೈದುಕೊಂಡಿದ್ದೇನೆ. ಆ ಮನುಷ್ಯ ಅವತ್ತು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಏನು ನಷ್ಟವಿತ್ತು? ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಗೈಡಿಗೆ ಒಂದು ಪ್ಯಾರಾ ಬರೆದೆ, ಅತ್ತೆ ಮಾವನಿಗೆ ಒಂದು ಪ್ಯಾರಾ. ಅಣ್ಣನಿಗೆ ಸಿಕ್ಕಿದ್ದು "ಪ್ರಯೋಗಾಲಯದ ಸಿಬ್ಬಂದಿ" ಎಂಬ ಎರಡು ಪದ. ಅವತ್ತಿನ ಮಾತಿಗೆ ಕ್ಷಮೆಯನ್ನೂ ಕೇಳಲಿಲ್ಲ.

ಈ ಮೇ ತಿಂಗಳಲ್ಲಿ ಉತ್ತರಪತ್ರಿಕೆ ತಿದ್ದಲು ಅದೇ ಕ್ಯಾಂಪಸ್ಸಿಗೆ ಹೋಗಿದ್ದೆ. ಊಟದ ಹೊತ್ತಿಗೆ ಹಳೆಯ ಲ್ಯಾಬಿಗೆ ಹೋಗಿ ಅಣ್ಣನ ವಿಚಾರ ಕೇಳಿದೆ. ಅವರ ಜಾಗಕ್ಕೆ ಬಂದ ಹೆಂಗಸು ಕಪಾಟು ಖಾಲಿ ಮಾಡುತ್ತಿದ್ದಳು. "ಯುಗಾದಿ ಆದ್ಮೇಲೆ ಹೋಗ್ಬಿಟ್ರು ಮೇಡಂ, ಹಾರ್ಟು. ನಿಮ್ಗೆ ಗೊತ್ತಿಲ್ವಾ?" ಎಂದಳು. ನನಗೆ ಯಾರೂ ಹೇಳಿರಲಿಲ್ಲ. ಹೇಳುವಷ್ಟು ಹತ್ತಿರದವಳಾಗಿ ನಾನೇ ಉಳಿದಿರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕುಳಿತೆ.

ಅವಳು ಕೆಳಗಿನ ಅರೆಯಿಂದ ಒಂದು ಸ್ವೀಟ್ ಡಬ್ಬಿ ತೆಗೆದಳು. "ಎಲ್ಲಾ ಡಬ್ಬಿ ಮೇಲೂ ಅವ್ರು ಸ್ಟೂಡೆಂಟ್ ಹೆಸ್ರು ಬರ್ದಿದಾರೆ ಮೇಡಂ. ಇದೊಂದ್ರ ಮೇಲೆ ಮಾತ್ರ ಹೆಸ್ರಿಲ್ಲ. ಎಸೆದ್ಬಿಡ್ಲಾ?"

ಮುಚ್ಚಳದ ಮೇಲೆ ಅಣ್ಣನ ಗುಂಡನೆಯ ಅಕ್ಷರ: "ಒತ್ತಿದ ಪಕ್ಕ ಗೊತ್ತಿಲ್ಲ. ಬಳಸಬಾರದು." ಒಳಗೆ ಹನ್ನೆರಡು ಬ್ಲಾಕು. ಪ್ರತಿಯೊಂದರಲ್ಲೂ ನಾನು ಕೊಯ್ದ ಮೂಲೆ.

"ಎಸೀಬೇಡಮ್ಮ, ಅದು ನಂದು" ಎಂದೆ. ಅವಳ ಕೈಯಿಂದ ಪೆನ್ನು ಇಸಿದುಕೊಂಡು, ಅವರು ಖಾಲಿ ಬಿಟ್ಟಿದ್ದ ಜಾಗದಲ್ಲಿ ನನ್ನ ಹೆಸರು ಬರೆದೆ.