ಮೂರನೇ ಭಾಗದ ಕೊನೆಯ ಹೊಡೆದಾಟ

ಬೆಳ್ಳಾರೆಯ ಟೆಂಟ್ ಟಾಕೀಸಿನಲ್ಲಿ ಹೆಂಗಸರ ಬಾಗಿಲಲ್ಲಿ ಟಿಕೆಟ್ ಹರಿಯುದು ನನ್ನ ಕೆಲಸವಾಗಿತ್ತು. ಯಾರ ಹೆಂಡತಿ ಯಾರೊಟ್ಟಿಗೆ ಬಂದಳೆಂದು ಮೊದಲು ಗೊತ್ತಾಗುದು ನನಗೇ. ಒಂದು ವಾರ ಹೊಡೆದಾಟದ ಹೀರೋ ಒಬ್ಬನ ಪಿಚ್ಚರಿನ ಎರಡನೇ ಭಾಗ ಹಾಕಿದ್ದರು, ಹತ್ತು ವರ್ಷ ಹಳೆಯದು; ಮರುವಾರ ಹೊಸ ಮೂರನೆಯದು. ಹೊಸತರಲ್ಲಿ ಅವನಿಗೆ ಹೊಟ್ಟೆ ಬಂದಿತ್ತು, ತಲೆಗೆ ವಿಗ್ಗು, ಮಗಳ ಪ್ರಾಯದವಳ ಹಿಂದೆ ಓಡುವಾಗ ಏದುಸಿರು. ಕೊನೆಯ ಹೊಡೆದಾಟಕ್ಕೆ ನೋಡಿದರೆ ಹೊಟ್ಟೆಯೇ ಇಲ್ಲ! ಜನ ಸಿಳ್ಳೆ ಹಾಕಿದರು.

ಆಟ ಬಿಟ್ಟ ಕೂಡಲೇ ಆಪರೇಟರ್ ಶೀನ ಓಡಿ ಬಂದ. "ಅಕ್ಕಾ, ಹೊಸತರ ಕೊನೆಯ ರೀಲು ಹಳೆ ಪಿಚ್ಚರಿನ ಪೆಟ್ಟಿಗೆಯಲ್ಲಿ ಸೇರಿ ಬಸ್ಸಿನಲ್ಲಿ ವಾಪಸ್ ಹೋಗಿದೆ. ಹಳೆಯದರ ಕೊನೆಯ ರೀಲು ಇಲ್ಲೇ ಉಳಿದಿತ್ತು, ಅದನ್ನೇ ಓಡಿಸಿದೆ. ನೀವು ಬಾಯಿ ಬಿಟ್ಟರೆ ಕೆಲಸ ಹೋಯ್ತು. ಮದುವೆ ಮಾತಾದ ಮಂಡೆಕೋಲು ಊರಿನವರು ಮತ್ತೆ ನನಗೆ ಹೆಣ್ಣು ಕೊಡ್ಲಿಕ್ಕಿಲ್ಲ."

ಬಾಯಿ ಮುಚ್ಚುದೆಂದರೆ ನನಗೆ ಜ್ವರ ಬಂದ ಹಾಗೆ.

ಮರುದಿನ ಪಿಚ್ಚರ್ ಹಂಚುವವರ ಕಡೆಯವನೊಬ್ಬ ಬಂದು ಕೇಳಿದ, "ಅಮ್ಮ, ಹೆಂಗಸರು ಎಂತ ಹೇಳ್ತಾರೆ? ಇನ್ನೊಂದು ಭಾಗ ತೆಗೆಯಬಹುದಾ?"

ಅವನ ಹಿಂದೆ ಶೀನ ನನಗೆ ಕೈ ಮುಗಿಯುತ್ತಿದ್ದ.

"ಕೊನೆಯ ಹೊಡೆದಾಟ ಭಾರಿ ಒಳ್ಳೆದಿತ್ತು ಮಾರಾಯ್ರೆ. ಹೀರೋನಿಗೆ ಹತ್ತು ವರ್ಷ ಪ್ರಾಯ ಇಳಿದ ಹಾಗೆ ಕಂಡಿತು" ಎಂದೆ. ಸುಳ್ಳೇನೂ ಹೇಳಲಿಲ್ಲ.

ಶೀನನ ಮದುವೆಯಾಯಿತು. ನಾಲ್ಕನೇ ಭಾಗವೂ ಬಂತು. ಅದನ್ನು ದುಡ್ಡು ಕೊಟ್ಟು ನೋಡಿದವರ ಶಾಪ ನನಗೆ ತಟ್ಟದಿರಲಿ.