ಸಿಸ್ಟರಮ್ಮನ ಹಲ್ಲು

ಸಿಸ್ಟರಮ್ಮನ ಮೇಲಿನ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆಗಳಿದ್ದವು, ತಗಡಿನ ಮೇಲೆ ತುಕ್ಕುನೀರು ಇಳಿದು ಒಣಗಿದ ಹಾಗೆ. ಅಂಥ ಹಲ್ಲಿನ ಹೆಂಗಸರು ನಮ್ಮ ಕಡೆ ನಗುವಾಗ ಸೆರಗನ್ನು ಬಾಯಿಗೆ ತರುತ್ತಾರೆ, ಫೋಟೊಗೆ ನಿಂತರೆ ತುಟಿ ಬಿಗಿಯುತ್ತಾರೆ. ಇವರು ಮಾತ್ರ ಯಾರ ಮನೆಗೆ ಹೋದರೂ ಮೊದಲು ತೋರಿಸುತ್ತಿದ್ದುದೇ ಹಲ್ಲು. ಹೆಬ್ಬೆರಳಿನಿಂದ ಮೇಲಿನ ತುಟಿ ಎತ್ತಿ, ಇನ್ನೊಂದು ಕೈಯ ಉಗುರಿನಿಂದ ಟಕಟಕ ಬಡಿದು, "ನೋಡ್ಕೊಳ್ಳಿ. ಹೊಗೆಸೊಪ್ಪು ಹಾಕಿದೋಳಲ್ಲ ನಾನು, ಎಲೆಅಡಿಕೆನೂ ಇಲ್ಲ. ಇದು ನಮ್ಮವ್ವ ಪ್ರೀತಿಯಿಂದ ಕುಡ್ಸಿದ ಬೋರ್ ನೀರು" ಅನ್ನುತ್ತಿದ್ದರು.

ಕುಣಿಗಲ್ ತಾಲ್ಲೂಕಿನ ಅಮೃತೂರಿಗೆ ಹತ್ತಿರದ ನಮ್ಮೂರಿನ ಆರೋಗ್ಯ ಉಪಕೇಂದ್ರಕ್ಕೆ ಅವರು ನರ್ಸ್. ಬಸುರಿಯರ ತಪಾಸಣೆ, ಬಾಣಂತಿಯರ ಆರೈಕೆ, ಮಕ್ಕಳ ಲಸಿಕೆ ಅವರ ಕೆಲಸ. ಹುಟ್ಟಿ ಬೆಳೆದದ್ದು ಗುಬ್ಬಿ ತಾಲ್ಲೂಕಿನಲ್ಲಿ, ಹಾಗಲವಾಡಿಯಿಂದ ಇನ್ನೂ ಒಳಗೆ ಹೋಗಬೇಕಾದ ಒಂದು ಹಳ್ಳಿಯಲ್ಲಿ. ನಡುವಯಸ್ಸಿಗೇ ಅವರ ಬೆನ್ನು, ಕತ್ತು ಸೆಟೆದುಕೊಂಡಿದ್ದವು. ಹಿಂದಿನಿಂದ ಯಾರಾದರೂ ಕರೆದರೆ ಕತ್ತು ತಿರುಗುತ್ತಿರಲಿಲ್ಲ. ಪರೇಡಿನ ಪೊಲೀಸರ ಹಾಗೆ ಇಡೀ ಮೈಯನ್ನೇ ತಿರುಗಿಸಿ ನಿಲ್ಲುತ್ತಿದ್ದರು. ಅದೂ ನೀರಿನದೇ ಕೆಲಸ ಅನ್ನುವುದು ಅವರ ವಾದ.

ವಾದ ಎಂದೆ. ನಾನು ಆಗ ತುಮಕೂರಿನ ಕಾಲೇಜಿನಲ್ಲಿ ಓದುತ್ತಿದ್ದೆ, ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ. ಯಾರು ಏನು ಹೇಳಿದರೂ ಆ ಮಾತಿನ ಬಿರುಕು ಎಲ್ಲಿದೆ ಎಂದು ಬೆರಳಾಡಿಸಿ ನೋಡುವುದು ಚಟವಾಗಿತ್ತು. ಈಗಲೂ ಬಿಟ್ಟಿಲ್ಲ. ನನ್ನ ಅತ್ತಿಗೆ ಮೊದಲ ಬಸುರಿ. ಅವಳಿಗೆ ತಾಯಿ ಇಲ್ಲದ್ದರಿಂದ ಹೆರಿಗೆ, ಬಾಣಂತನ ಎಲ್ಲ ನಮ್ಮ ಮನೆಯಲ್ಲೇ ಎಂದಾಗಿತ್ತು. ಅವಳನ್ನು ನೋಡಲು ಬಂದ ಸಿಸ್ಟರಮ್ಮ ಬಿಪಿ ಯಂತ್ರ ಚೀಲದಿಂದ ತೆಗೆಯುವ ಮೊದಲೇ ಅಡುಗೆಮನೆಗೆ ನುಗ್ಗಿ ನೀರಿನ ಬಿಂದಿಗೆಯ ಮುಚ್ಚಳ ಎತ್ತಿದರು.

"ಯಾವ್ ನೀರಮ್ಮ ಇದು?"

"ಬೋರಿಂದು. ಕಾಯ್ಸೇ ಕುಡಿಯೋದು ನಾವು" ಅಂದಳು ಅಮ್ಮ.

"ಕಾಯ್ಸಿದ್ರೆ ಕಾಯಿಲೆ ಹುಳ ಸಾಯ್ತದೆ, ಫ್ಲೋರೈಡ್ ಸಾಯಲ್ಲ. ಎಷ್ಟ್ ಕಾಯ್ಸಿದ್ರೂ ಅಲ್ಲೇ ಕೂತಿರ್ತದೆ." ಹಲ್ಲಿನ ಪ್ರದರ್ಶನವಾಯಿತು.

ನಾನು ಬಿಡಲಿಲ್ಲ. "ಒಬ್ಬರ ಹಲ್ಲು ನೋಡಿ ಇನ್ನೊಂದೂರಿನ ನೀರು ಕೆಟ್ಟದ್ದು ಅನ್ನೋಕಾಗಲ್ಲ ಸಿಸ್ಟರ್. ನೀವು ಕುಡಿದಿದ್ದು ಗುಬ್ಬಿ ನೀರು. ಇದು ಕುಣಿಗಲ್ ನೀರು."

ಅವರು ಇಡೀ ಮೈ ತಿರುಗಿಸಿ ನನ್ನನ್ನು ನೋಡಿದರು. "ಯಾರಮ್ಮ ಇವ್ಳು, ಲಾಯರಮ್ಮ?"

"ಡಿಬೇಟ್ ಮಾಡ್ತಾಳೆ" ಅಂದಳು ಅಮ್ಮ, ಮನೆಯಲ್ಲಿರುವ ಕಾಯಿಲೆ ಹೇಳುವ ದನಿಯಲ್ಲಿ.

"ಮಾಡ್ಲಿ ಬುಡಿ. ಈ ಊರಲ್ಲಿ ನನ್ ಜೊತೆ ವಾದ ಮಾಡೋರೇ ಇಲ್ಲ. ಎಲ್ಲಾ ಹೂಂ ಅಂತಾರೆ, ನಾನು ಆ ಕಡೆ ಹೋಗ್ತಿದ್ದಂಗೆ ಅದೇ ನಲ್ಲಿಗೆ ಬಿಂದಿಗೆ ಹಿಡೀತಾರೆ."

ಅಂದಿನಿಂದ ನಾನು ಲಾಯರಮ್ಮ.

ಊರಿನ ಶಾಲೆಯ ಪಕ್ಕ ಕುಡಿಯುವ ನೀರಿನ ಫಿಲ್ಟರ್ ಘಟಕವಿತ್ತು. ಸಿಸ್ಟರಮ್ಮ ಎಲ್ಲರನ್ನೂ ಅಲ್ಲಿಗೆ ಅಟ್ಟುತ್ತಿದ್ದರು. ಆದರೆ ಅವರ ಕಣ್ಣಿಗೆ ಬಿದ್ದ ಒಂದು ಸಂಗತಿ ಬೇರೆ ಯಾರಿಗೂ ಹೊಳೆದಿರಲಿಲ್ಲ. ಕ್ಯಾನ್ ಹೊತ್ತು ಆ ನೀರು ತರುತ್ತಿದ್ದುದು ಬಹುತೇಕ ಮನೆಗಳಲ್ಲಿ ಸೊಸೆ. ಸೊಸೆ ಬಾಣಂತಿಯಾಗಿ ಮಲಗಿದಳೆಂದರೆ ತರುವವರಿಲ್ಲ, ಮನೆ ಮತ್ತೆ ಬೋರ್ ನೀರಿಗೆ ಇಳಿಯುತ್ತಿತ್ತು. "ಬಾಣಂತಿಗೆ ಗಾಳಿ ಸೋಕ್ಬಾರ್ದು ಅಂತ ಕಿವಿಗೆ ಹತ್ತಿ ಇಡ್ತೀರಿ, ತಲೆಗೆ ಬಟ್ಟೆ ಕಟ್ತೀರಿ, ಹೊಸಿಲು ದಾಟ್ಸಲ್ಲ. ನೀರು ಮಾತ್ರ ಕೈಗೆ ಸಿಕ್ಕಿದ್ದು!" ಎಂದು ರೇಗುತ್ತಿದ್ದರು.

ಅದಕ್ಕೆ ಅವರು ಹುಡುಕಿದ ಉಪಾಯ ಯಾವ ಆರೋಗ್ಯ ಇಲಾಖೆಯ ತರಬೇತಿಯಲ್ಲೂ ಇರಲಾರದು. ಅತ್ತಿಗೆಯ ಸೀಮಂತದ ದಿನ, ಬಳೆ, ಹೂವು, ಸಿಹಿ ಇಟ್ಟ ತಟ್ಟೆಗಳ ಸಾಲಿನಲ್ಲಿ ನಲ್ಲಿ ಇರುವ ಒಂದು ಸ್ಟೀಲ್ ಪಾತ್ರೆ ತಂದಿಟ್ಟರು. ಮುತ್ತೈದೆಯರು ಮಡಿಲಿಗೆ ಅಕ್ಕಿ ತುಂಬಲು ಕೈ ಎತ್ತಿದಾಗ ತಡೆದರು.

"ಅಕ್ಕಿ ಆಮೇಲೆ. ಗಂಡ ಎಲ್ಲಿ? ಬಾಪ್ಪಾ ಇಲ್ಲಿ. ಈ ಪಾತ್ರೆಗೆ ದಿನಾ ಒಳ್ಳೆ ನೀರು ತುಂಬೋರ್ಯಾರು? ಎಲ್ರ ಮುಂದೆ ಹೇಳು."

ಅಣ್ಣ ಹೊಸ ಪಂಚೆ ಸರಿಮಾಡಿಕೊಳ್ಳುತ್ತ ಗೊಣಗಿದ, "ನಾನೇ."

"ಕೇಳಿಸ್ಲಿಲ್ಲ."

"ನಾನೇ ತುಂಬ್ತೀನಿ ಸಿಸ್ಟರಮ್ಮ!"

ಮೂಲೆಯಲ್ಲಿದ್ದ ನಮ್ಮ ದೊಡ್ಡಜ್ಜಿ ಮೂಗು ಮುರಿದರು. "ಏನ್ಲೇ, ನಮ್ ಹುಡುಗನ್ನ ನೀರು ಹೊರೋಕೆ ಹಚ್ತೀಯಾ?"

"ಮಗು ಹೊರೋಕಂತೂ ಆಗಲ್ವಲ್ಲ ಅಜ್ಜಿ, ನೀರಾದ್ರೂ ಹೊರ್ಲಿ."

ಇಡೀ ಪಡಸಾಲೆ ನಕ್ಕಿತು. ಅತ್ತಿಗೆ ಕಣ್ಣು ಒರೆಸಿಕೊಂಡಳು. ಸುತ್ತಿನ ಊರುಗಳಲ್ಲಿ ಇದು ಪದ್ಧತಿಯಾಯಿತು. ಗಂಡನೋ, ಮೈದುನನೋ, ಮಾವನೋ, ಒಬ್ಬ ಗಂಡಸು ಎದ್ದು ಮಾತು ಕೊಡದೆ ಮಡಿಲು ತುಂಬುವಂತಿಲ್ಲ. ಪಕ್ಕದ ಹಟ್ಟಿಯಲ್ಲಿ ಒಬ್ಬಳ ಗಂಡ ಬಿಟ್ಟುಹೋಗಿದ್ದ. ಅವಳ ಸೀಮಂತದಲ್ಲಿ ಯಾರೂ ಏಳಲಿಲ್ಲ. ಸಿಸ್ಟರಮ್ಮನೇ ಎದ್ದು ನಿಂತು, "ನಾನು ತುಂಬ್ತೀನಿ" ಅಂದರಂತೆ.

ಕುಣಿಗಲ್ ಆಸ್ಪತ್ರೆಯಲ್ಲಿ ಅತ್ತಿಗೆಗೆ ಹೆಣ್ಣುಮಗು ಹುಟ್ಟಿತು. ಮನೆಗೆ ಬಂದ ಮೇಲೆ ಸಿಸ್ಟರಮ್ಮ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಕರೆದರು. "ಆರು ತಿಂಗ್ಳು ತಾಯಿ ಹಾಲು ಬಿಟ್ಟು ಏನೂ ಬೇಡ. ಆಮೇಲೆ ರಾಗಿ ಸರಿ. ಆ ಸರಿ ಕಲ್ಸೋ ನೀರಲ್ಲಿದೆ ಎಲ್ಲಾ. ಲಾಯರಮ್ಮ, ಇವ್ಳ ಹಾಲುಹಲ್ಲು ಬಿದ್ದು ಮೇಲ್ಗಡೆ ದೊಡ್ಡ ಹಲ್ಲು ಬರ್ತದಲ್ಲ, ಅದೇ ನನ್ ಸಾಕ್ಷಿ. ಏಳೆಂಟು ವರ್ಷ ಆಯ್ತದೆ. ಕಾಯ್ತೀಯಾ?"

"ಕಾಯ್ತೀನಿ."

"ನಾನೂ ಕಾಯ್ತೀನಿ. ಆವತ್ತು 'ಸೋತೆ ಸಿಸ್ಟರಮ್ಮ' ಅಂತ ಬಾಯ್ಬಿಟ್ಟು ಹೇಳ್ಬೇಕು ನೀನು."

ಮಗು ರಾಗಿ ಸರಿ ತಿನ್ನುವ ಕಾಲಕ್ಕೆ ನಾನು ಅವರನ್ನು ಒಂದು ಪ್ರಶ್ನೆ ಕೇಳಿದೆ. ಫಿಲ್ಟರ್ ನೀರು ನಿಜವಾಗಿಯೂ ಫಿಲ್ಟರ್ ಆಗಿದೆ ಅಂತ ಯಾರು ಪರೀಕ್ಷೆ ಮಾಡಿದ್ದಾರೆ? ಅವರು ಆ ವಾರವೇ ಎರಡು ಬಾಟಲಿಗಳಲ್ಲಿ ಎರಡೂ ನೀರು ತುಂಬಿಕೊಂಡು, ನಾನು ಕಾಲೇಜಿಗೆ ಹೋಗುವ ಬಸ್ಸನ್ನೇ ಹತ್ತಿದರು. ತುಮಕೂರಿನ ಪ್ರಯೋಗಾಲಯದವರು ಕೊಟ್ಟ ಉತ್ತರ ಚಿಕ್ಕದಿತ್ತು. ಬೋರ್ ನೀರಲ್ಲಿ ಫ್ಲೋರೈಡ್ ಹೆಚ್ಚು. ಫಿಲ್ಟರ್ ನೀರಲ್ಲೂ ಅಷ್ಟೇ. ಯಂತ್ರ ಗುಂಯ್ ಅನ್ನುತ್ತಿತ್ತು, ದೀಪ ಉರಿಯುತ್ತಿತ್ತು, ನೀರು ಸುರಿಯುತ್ತಿತ್ತು. ಒಳಗಿನ ಸೋಸುವ ಪೊರೆ ಯಾವತ್ತೋ ಸತ್ತಿತ್ತು.

ವಾಪಸು ಬರುವಾಗ ಕುಣಿಗಲ್‌ನಲ್ಲಿ ಬಸ್ಸು ಬದಲಿಸಲು ಇಳಿದೆವು. ಬಸ್ ನಿಲ್ದಾಣದ ಗದ್ದಲದಲ್ಲಿ ಅವರು ಹೇಳಿದರು. "ನಾನೇ ಕಳಿಸ್ದೆ ಕಣೇ ಎಲ್ರನ್ನೂ ಅಲ್ಲಿಗೆ."

ನಮ್ಮ ಚರ್ಚಾ ತಂಡದಲ್ಲಿ ಕಲಿಸಿದ ಮೊದಲ ಪಾಠ, ವೇದಿಕೆಯ ಮೇಲೆ ಎಂದೂ ತಪ್ಪು ಒಪ್ಪಿಕೊಳ್ಳಬೇಡ, ವಿಷಯ ತಿರುಗಿಸು. ಸಿಸ್ಟರಮ್ಮ ವಿಷಯ ತಿರುಗಿಸಲಿಲ್ಲ. ಬಸುರಿ, ಬಾಣಂತಿ, ಎಳೆಮಗು ಇರುವ ಪ್ರತಿ ಮನೆಗೂ ಹೋದರು. "ನಾನ್ ಹೇಳಿದ್ದು ತಪ್ಪಾಯ್ತು. ಆ ನೀರೂ ಬೋರ್ ನೀರೇ. ರಿಪೇರಿ ಆಗೋವರ್ಗೂ ಅಮೃತೂರಿನ ಫಿಲ್ಟರಿಂದ ತನ್ನಿ, ಆಮೇಲೆ ಅದನ್ನೂ ಟೆಸ್ಟ್ ಮಾಡ್ಸಿದೀನಿ." ಕೆಲವು ಮನೆಗಳಿಗೆ ನಾನೂ ಜೊತೆಗೆ ಹೋಗಿದ್ದೆ. ಒಬ್ಬಾತ ಕೇಳಿದ, "ನಾಳೆ ಬಂದು ಗಾಳಿನೂ ಕೆಟ್ಟೋಗಿದೆ ಅಂತೀಯೇನಮ್ಮ?" ಇನ್ನೊಂದು ಮನೆಯ ಅತ್ತೆ ಬಾಗಿಲಲ್ಲೇ ನಿಂತು, "ಇಷ್ಟ್ ದಿನ ನಮ್ ಸೊಸೆ ಸೊಂಟ ಮುರ್ಕೊಂಡು ಹೊತ್ತಿದ್ದು ದಂಡ ಆಯ್ತಲ್ಲ. ಊರಿಗೆ ಬುದ್ಧಿ ಹೇಳೋಕೆ ಮುಂಚೆ ನಿನ್ ಹಲ್ ಉಜ್ಕೊಂಡು ಬಾ ಹೋಗು" ಅಂದಳು.

ಆಗ ಮೊದಲ ಸಲ ಅವರ ಕೈ ಬಾಯಿ ಮುಚ್ಚಲು ಮೇಲೆದ್ದದ್ದನ್ನು ನಾನು ಕಂಡೆ. ಅರ್ಧಕ್ಕೆ ಬಂದ ಕೈಯನ್ನು ಕೆಳಗಿಳಿಸಿ, ಮುಂದಿನ ಮನೆಯ ಬಾಗಿಲು ತಟ್ಟಿದರು.

ಪಂಚಾಯ್ತಿಯವರು ಘಟಕದ ರಿಪೇರಿ ಮುಂದಿನ ವಾರ ಅಂದರು. ಆ ಮುಂದಿನ ವಾರ ಬರಲೇ ಇಲ್ಲ. ಅಣ್ಣ ಬೈಕಿನಲ್ಲಿ ಅಮೃತೂರಿಂದ ತರತೊಡಗಿದ. ಮಾತು ಕೊಟ್ಟ ಗಂಡಸರಲ್ಲಿ ಕೆಲವರು ಉಳಿಸಿಕೊಂಡರು, ಕೆಲವರು ಮರೆತರು. ಹಟ್ಟಿಯ ಆ ಹೆಂಗಸಿಗೆ ಮಾತು ಕೊಟ್ಟವರು ಸಿಸ್ಟರಮ್ಮ. ಅವಳ ಮಗುವೂ ಸರಿ ತಿನ್ನತೊಡಗಿತ್ತು. ಸ್ಕೂಟರಿನಲ್ಲಿ ಕಾಲ ನಡುವೆ ಕ್ಯಾನ್ ಇಟ್ಟುಕೊಂಡು ಇವರು ಅಮೃತೂರಿಂದ ಬರುವುದು ರಸ್ತೆಯ ಪಕ್ಕದ ತೋಟಗಳಲ್ಲಿದ್ದವರಿಗೆಲ್ಲ ರೂಢಿಯಾಯಿತು.

ಒಂದು ಗುರುವಾರ, ಲಸಿಕೆಯ ದಿನ, ಬೆಳಿಗ್ಗೆ ಹಟ್ಟಿಯ ಕಡೆಗೆ ಬಲಕ್ಕೆ ತಿರುಗುವಾಗ ಹಿಂದಿನಿಂದ ಬಂದ ಟೆಂಪೊ ಹೊಡೆಯಿತು. ಅವರು ಆಸ್ಪತ್ರೆ ತಲುಪಲಿಲ್ಲ. ಕ್ಯಾನ್ ಒಡೆದಿರಲಿಲ್ಲ. ಅದು ಯಾರ ಮನೆಗೆಂದು ಗೊತ್ತಿದ್ದ ಯಾರೋ ಅದನ್ನು ಹಟ್ಟಿಗೆ ತಲುಪಿಸಿ, ಸುದ್ದಿ ಹೇಳದೆ ಹೊರಟುಹೋದರು. ಆ ಹೆಂಗಸು ಏನೂ ತಿಳಿಯದೆ ಆ ನೀರಿನಲ್ಲೇ ಮಗುವಿಗೆ ಸರಿ ಕಲಸಿದಳು.

ಉಪಕೇಂದ್ರದ ಮುಂದೆ ಕಂಕುಳಲ್ಲಿ ಮಕ್ಕಳನ್ನಿಟ್ಟುಕೊಂಡ ತಾಯಂದಿರು ಅವರಿಗಾಗಿ ಕಾಯುತ್ತಿದ್ದರು.

"ತಿರುಗೋಕೆ ಮುಂಚೆ ಹಿಂದೆ ನೋಡ್ಬಾರ್ದಿತ್ತಾ" ಎಂದು ಜನ ಮಾತಾಡಿಕೊಂಡರು. ಹೇಗೆ ನೋಡುತ್ತಾರೆ? ಅವರ ಕತ್ತು ತಿರುಗುತ್ತಿರಲಿಲ್ಲ, ಸ್ಕೂಟರಿನ ಮೇಲೆ ಕೂತು ಇಡೀ ಮೈ ತಿರುಗಿಸಲು ಆಗುವುದಿಲ್ಲ. ಬಾಲ್ಯದಲ್ಲಿ ಕುಡಿದ ನೀರೇ ಕೊನೆಗೆ ಅವರನ್ನು ಕೊಂದಿತು. ಇದಕ್ಕೆ ಪುರಾವೆ ಇಲ್ಲ. ಕನ್ನಡಿ ಇತ್ತಲ್ಲ, ಟೆಂಪೊದವನ ವೇಗ ಎಷ್ಟಿತ್ತು, ಬೇರೆ ಯಾರೇ ಇದನ್ನು ಹೇಳಿದ್ದರೂ ನಾನೇ ಎದ್ದು ನಿಂತು ಕೇಳುತ್ತಿದ್ದ ಪ್ರಶ್ನೆಗಳಿವು. ಯಾವ ತೀರ್ಪುಗಾರರೂ ಒಪ್ಪದ ಈ ವಾದವನ್ನು ನಾನು ಒಪ್ಪುತ್ತೇನೆ.

ಇನ್ನೊಂದಿದೆ. ಫಿಲ್ಟರ್ ನೀರಿನ ಬಗ್ಗೆ ನಾನು ಆ ಪ್ರಶ್ನೆ ಕೇಳದಿದ್ದರೆ ಅವರು ಅಮೃತೂರಿನ ಆ ರಸ್ತೆಯಲ್ಲಿ ಕ್ಯಾನ್ ಇಟ್ಟುಕೊಂಡು ಹೋಗುತ್ತಿರಲಿಲ್ಲ. ಪ್ರಶ್ನೆ ಕೇಳಿದ್ದು ತಪ್ಪಲ್ಲ. ಇದನ್ನು ಯಾವ ವೇದಿಕೆಯ ಮೇಲಾದರೂ ವಾದಿಸಿ ಗೆಲ್ಲಬಲ್ಲೆ. ಗೆದ್ದು ಯಾರ ಮುಂದೆ ಹೋಗಿ ನಿಲ್ಲಲಿ?

ಘಟಕ ರಿಪೇರಿಯಾಯಿತು, ಅವರು ಹೋದ ಮೇಲೆ. ಅಲ್ಲಿನ ನೀರನ್ನು ನಾನು ಆಗಾಗ ತುಮಕೂರಿಗೆ ಒಯ್ದು ಪರೀಕ್ಷೆ ಮಾಡಿಸುತ್ತೇನೆ. ಸೀಮಂತಗಳಲ್ಲಿ ಆ ಪಾತ್ರೆ ಇಡುವುದು ಉಳಿದಿದೆ. ಗಂಡನನ್ನು ಎಬ್ಬಿಸಿ ನಿಲ್ಲಿಸುವವರು ಇಲ್ಲ.

ಕಳೆದ ತಿಂಗಳು ಅಣ್ಣನ ಮಗಳಿಗೆ ಮೇಲಿನ ದೊಡ್ಡ ಹಲ್ಲು ಪೂರ್ತಿ ಬಂತು. ಜಗಲಿಯ ಬೆಳಕಿಗೆ ಕರೆದುಕೊಂಡು ಹೋಗಿ, ಹೆಬ್ಬೆರಳಿನಿಂದ ಅವಳ ತುಟಿ ಎತ್ತಿ, ಉಗುರಿನಿಂದ ಬಡಿದು ನೋಡಿದೆ. ಬಿಳಿ. ಒಂದು ಗೆರೆ ಇಲ್ಲ. ಒಂದು ಮಗುವಿನ ಹಲ್ಲಿನಿಂದ ಏನೂ ಸಾಬೀತಾಗುವುದಿಲ್ಲ ಎಂಬ ಆಕ್ಷೇಪಣೆ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿ, ಬಾಯಿಬಿಟ್ಟು ಹೇಳಿದೆ.

"ಸೋತೆ ಸಿಸ್ಟರಮ್ಮ."

"ಯಾರತ್ತೆ?" ಅಂದಳು ಹುಡುಗಿ. ನಾನು ಯಾರಿಗೋ ಹೇಳುತ್ತಿದ್ದೇನೆಂದುಕೊಂಡು, ಕತ್ತನ್ನಷ್ಟೇ ಸಲೀಸಾಗಿ ತಿರುಗಿಸಿ ಹಿಂದೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.