ಕೀನ್ಯಾದ ಅಜ್ಜಿ ಮತ್ತು ನನ್ನ ಕುರಿ ದೊಡ್ಡಿ

ಕೀನ್ಯಾದ ಒಬ್ಬ ಮುದುಕಿಯನ್ನು ಕಂಡರೆ ನನಗಾಗುವುದಿಲ್ಲ. (ನೋಡಿದ್ದು ಒಂದೇ ಸಲ, ಅದೂ ಸ್ಕೂಲಿನ ಟಿವಿಯಲ್ಲಿ.)

ಮೊಮ್ಮಗಳು ಕಾವ್ಯ ಮಾಗಡಿಯಲ್ಲಿ ಒಂಬತ್ತನೇ ಕ್ಲಾಸು ಓದುತ್ತಾಳೆ. ಈ ವರ್ಷ ಅವರಿಗೊಂದು ಹೊಸ ಪಾಠ. ಭೂಮಿ ಕೆಡದ ಹಾಗೆ ಬದುಕುವುದು, ಬೇರೆ ದೇಶದವರೂ ನಮ್ಮವರೇ ಎಂದು ತಿಳಿಯುವುದು. ಅದಕ್ಕೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿದೆ. ವಾರಕ್ಕೊಮ್ಮೆ ಕೀನ್ಯಾದ ಮಕ್ಕಳ ಜೊತೆ ವಿಡಿಯೋ ಕಾಲ್.

ಅವತ್ತು ಬಂದವಳೇ ಶುರು ಮಾಡಿದಳು. "ಅಜ್ಜಿ, ಅಲ್ಲೊಬ್ರು ಅಜ್ಜಿ ಅವ್ರೆ. ಕುರೀನೆಲ್ಲ ರಾತ್ರಿ ಹೊಲದಲ್ಲೇ ಕೂಡಾಕ್ತಾರಂತೆ. ಗೊಬ್ರ ತಾನಾಗೇ ಬೀಳ್ತದಂತೆ. ಎಷ್ಟು ಬುದ್ಧಿವಂತ್ರು ಅಲ್ವಾ?"

ಮರಿಗಳಿಗೆ ಹಾಕಲು ಹಿಡಿದಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಮದುವೆಯಾಗಿ ಬಂದಾಗಿನಿಂದ ನಾನು ಮಾಡಿದ್ದೇನು? ಸಾವನದುರ್ಗದ ಸುತ್ತ ಯಾರ ಹೊಲದಲ್ಲಿ ನಮ್ಮ ಮಂದೆ ತಂಗಿಲ್ಲ? ಇವಳು ಒಂದು ದಿನ ಕೇಳಿದಳಾ? ದೊಡ್ಡಿಯ ಹತ್ತಿರ ಬಂದರೆ ಮೂಗು ಮುಚ್ಚಿಕೊಳ್ಳುತ್ತಾಳೆ.

"ನಾನೂ ಅದ್ನೇ ಮಾಡಾದು ಕಣವ್ವ."

"ನೀನ್ ಸುಮ್ನೆ ಮಾಡ್ತೀಯ. ಅವ್ರು ಯಾಕೆ ಅಂತ ಹೇಳ್ತಾರೆ."

ನಾಲ್ಕು ದಿನ ಅದೇ ಭಜನೆ. ಮುಂದಿನ ಕಾಲ್ ದಿನ ನಾನೇ ಬಸ್ ಹತ್ತಿದೆ. ಜಗಳಕ್ಕಲ್ಲ. (ಸುಳ್ಳೇಕೆ, ಸ್ವಲ್ಪ ಜಗಳಕ್ಕೇ.)

ಟಿವಿಯಲ್ಲಿ ಅವಳು ಬಂದು ಕೂತಳು. ನನ್ನದೇ ವಯಸ್ಸು. ಹಲ್ಲು ಮಾತ್ರ ಎಲ್ಲವೂ ಇದ್ದವು. ಅದಕ್ಕೂ ಹೊಟ್ಟೆ ಉರಿಯಿತು. ಅವಳ ಮಾತನ್ನು ಅವಳ ಮೊಮ್ಮಗಳು ಇಂಗ್ಲಿಷ್ ಮಾಡಿದರೆ, ಅದನ್ನು ಇಲ್ಲಿ ಮಿಸ್ ಕನ್ನಡ ಮಾಡುತ್ತಿದ್ದರು.

ನಾನು ನೇರವಾಗಿ ಕೇಳಿದೆ. "ನಿನ್ ಮೊಮ್ಮಗ್ಳು ನಿನ್ ಜೊತೆ ದೊಡ್ಡಿಗೆ ಬತ್ತಾಳೇನವ್ವ?"

ಅವಳ ಮುಖ ಸಣ್ಣಗಾಯಿತು. ಅವಳ ಮೊಮ್ಮಗಳ ತಲೆ ಬಗ್ಗಿತು.

"ಬರಲ್ವಂತೆ ಅಜ್ಜಿ" ಎಂದರು ಮಿಸ್. "ವಾಸನೆ ಅಂತಾಳಂತೆ. ನಿಮ್ಮನ್ನ ಕಂಡ್ರೆ ಆ ಅಜ್ಜಿಗೆ ಹೊಟ್ಟೆಕಿಚ್ಚಂತೆ. ನಿಮ್ಮ ಕಾವ್ಯ ದಿನಾ ಸಾಯಂಕಾಲ ನಿಮ್ಮ ಜೊತೆ ಮರಿ ಕೂಡಿ ಹಾಕ್ತಾಳಂತಲ್ಲ? ಕಾವ್ಯಾನೇ ಅವ್ರಿಗೆ ಹೇಳಿದ್ದಂತೆ."

ನಾನು ಕಾವ್ಯಳನ್ನು ನೋಡಿದೆ. ಕಾವ್ಯ ನೆಲ ನೋಡಿದಳು. ಸುಳ್ಳು ಅಂದುಬಿಡಬಹುದಿತ್ತು. ಆದರೆ ಆ ಹಲ್ಲಿನವಳ ಮುಂದೆ ಸೋಲುವುದುಂಟೆ?

"ಹೂಂ, ಬತ್ತಾಳೆ" ಅಂದೆ.

ಆ ಸಂಜೆ ಕಾವ್ಯ ದೊಡ್ಡಿಗೆ ಬಂದಳು. ಮೂಗಿಗೆ ವೇಲು ಸುತ್ತಿಕೊಂಡೇ ಬಂದಳು. ಒಂದು ಮರಿ ಹಿಡಿದಳು. ಅದು ಒದ್ದು ಓಡಿತು. ಮತ್ತೆ ಹಿಡಿದಳು.

"ಹೆಂಗೆ ಅಂತ ಹೇಳ್ಕೊಡಜ್ಜಿ. ಬರೋ ವಾರ ಆ ಅಜ್ಜಿ ಕೇಳ್ತಾರೆ."

ಹೇಳಿಕೊಟ್ಟೆ. ಆದರೂ ಉರಿ ಆರಿಲ್ಲ. ನನ್ನ ಮೊಮ್ಮಗಳನ್ನು ನನ್ನ ದೊಡ್ಡಿಗೆ ಕರೆಸಲು ಕೀನ್ಯಾದವಳೇ ಬೇಕಾಯಿತಾ?